ತೊಳೆದಿಟ್ಟ ಗಾಜು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಭೌತವಿಜ್ಞಾನ ಸಂಸ್ಥೆಯ ರಿಜಿಸ್ಟ್ರಾರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಸಂಸ್ಥೆಯ ದಾಖಲೆ ಕೋಣೆಯಲ್ಲಿದ್ದ ನೂರ ಇಪ್ಪತ್ತು ಗಾಜಿನ ಫಲಕಗಳನ್ನು ಯಾರೋ ಹಾಳು ಮಾಡಿದ್ದರು.

ಇನ್‌ಸ್ಪೆಕ್ಟರ್‌ ಮೇಡಂಗೆ ವಿಷಯ ತಲೆಗೆ ಹತ್ತಲಿಲ್ಲ. ರಿಜಿಸ್ಟ್ರಾರ್ ಬಿಡಿಸಿ ಹೇಳಿದರು. ಆ ಗಾಜುಗಳ ಮೇಲೆ ಫೋಟೋ ಫಿಲ್ಮಿನಂಥ ದಪ್ಪ ಲೇಪವಿತ್ತು. ಮೂವತ್ತೊಂದು ವರ್ಷದ ಹಿಂದೆ ಅವನ್ನು ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟಿದ್ದರು. ವಿಶ್ವಕಿರಣಗಳು ಹಾದುಹೋದಲ್ಲೆಲ್ಲ ಲೇಪದೊಳಗೆ ಕೂದಲೆಳೆಗಿಂತ ಸಣ್ಣ ಗೆರೆ ಉಳಿದಿತ್ತು. ಅದರಲ್ಲೊಂದು ಗೆರೆ ಯಾರೂ ಅದುವರೆಗೆ ಕಾಣದ ಕಣದ್ದೆಂದು ಸಂಸ್ಥೆಯ ಹಿರಿಯ ವಿಜ್ಞಾನಿ ತೋರಿಸಿದ್ದರು. ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಅವರು ಅಲ್ಲಿಯವರೆಗೆ ಎಕ್ಸ್‌ರೇ ಪ್ರಯೋಗ ಮಾಡಿಕೊಂಡು ಮೂಲೆಯಲ್ಲಿದ್ದವರು. ಆ ಗೆರೆಯನ್ನು ಹೊಸ ಯಂತ್ರದಲ್ಲಿ ಮತ್ತೆ ಪರೀಕ್ಷಿಸಲು ಹೊರಗಿನ ತಂಡವೊಂದು ಬುಧವಾರ ಬರುವುದಿತ್ತು.

"ಈಗ ಬರೀ ಗಾಜು ಉಳಿದಿದೆ ಮೇಡಂ, ಕಿಟಕಿಗೆ ಹಾಕೋ ಗಾಜು. ಅಷ್ಟೂ ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂ ಮುಕ್ಕಾಲಿಗೆ ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಗಾಜುಗಳು ಸಂಖ್ಯೆಯ ಕ್ರಮದಲ್ಲೇ ನಿಂತಿದ್ದವು. ಪ್ರತಿಯೊಂದನ್ನೂ ಒರೆಸಿ, ಒಣಗಿಸಿ, ಎರಡರ ನಡುವೆ ಒಂದೊಂದು ತೆಳು ಕಾಗದ ಇಡಲಾಗಿತ್ತು. ಹಾಳು ಮಾಡಲು ಬಂದವನು ಇಷ್ಟು ಅಚ್ಚುಕಟ್ಟಾಗಿ ಯಾಕೆ ಇಟ್ಟ ಎಂದು ಇನ್‌ಸ್ಪೆಕ್ಟರ್ ಜತೆಗಿದ್ದ ಕಾನ್‌ಸ್ಟೇಬಲ್‌ನನ್ನು ಕೇಳಿದರು.

ಫೋಟೋ ಫಿಲ್ಮಿನಂತೆ ಫಲಕ ತೊಳೆದು ಗೆರೆ ಮೂಡಿಸುವ ಕತ್ತಲೆ ಕೋಣೆಯ ತೊಟ್ಟಿಯಲ್ಲಿ ಬ್ಲೀಚಿಂಗ್ ವಾಸನೆಯಿತ್ತು. ನೀರು ಹೋಗುವ ಕಿಂಡಿಯಲ್ಲಿ ಕರಗಿದ ಲೇಪದಂಥ ಅಂಟಾದ ಲೋಳೆ ಸಿಕ್ಕಿತು. ಅದನ್ನು ಸೀಸೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರು. ದಾಖಲೆ ಕೋಣೆಯ ಬೀಗದ ಕೈ ಪಡೆದವರು ಸಹಿ ಹಾಕುವ ಪುಸ್ತಕದಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ಐದೂವರೆವರೆಗೆ ಒಂದೇ ಒಂದು ಸಹಿ. ಅದು ಮೂವತ್ತನಾಲ್ಕು ವರ್ಷದಿಂದ ಕತ್ತಲೆ ಕೋಣೆಯಲ್ಲೇ ದುಡಿದು 'ಕತ್ತಲೆ ಮಾಮ' ಎಂದು ಹೆಸರಾದವರದು. ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಮೂರೂ ಕಾಲಿಗೆ ಅವರನ್ನು ಅಲ್ಲೇ ಕೂರಿಸಿ ವಿಚಾರಿಸಿದರು. ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು.

"ಕೈಗೇನಾಯ್ತು?"

"ಬಿಸಿನೀರು ಬಿತ್ತು."

"ಗಾಜಿನ ಮಧ್ಯೆ ಕಾಗದ ಯಾಕೆ ಇಟ್ರಿ?"

"ಇಡದಿದ್ರೆ ಗೀರು ಬೀಳುತ್ತಲ್ಲ ಮೇಡಂ."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ತಿಳಿಯಿತು. ಆಮೇಲೆ ಏನನ್ನೂ ಮುಚ್ಚಿಡಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಆ ಫಲಕಗಳನ್ನು ತೊಳೆಯುವಾಗ ಚಿಮಟ ಜಾರಿ ಒಂದರ ಮೇಲೆ ಗೀರು ಬಿದ್ದಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಬಾಯಿ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಮೇಷ್ಟ್ರಿಗೆ ಹೊಸ ಕಣದ ಗೆರೆ ಸಿಕ್ಕಿದ್ದು ಅದೇ ಫಲಕದಲ್ಲಿ. ನಿನ್ನ ಕೈಗುಣ ಕಣಯ್ಯಾ ಎಂದು ಅವರು ತಬ್ಬಿಕೊಂಡಿದ್ದರು. ಅದು ಕಣವಲ್ಲ, ತನ್ನ ಚಿಮಟದ ಗೀರು ಎಂದು ಮಾಮ ಅಂದೇ ಅಂದುಕೊಂಡರು. ಹೆಂಡತಿಗೂ ಹೇಳಲಿಲ್ಲ. ಹೊಸ ಯಂತ್ರದಲ್ಲಿ ಅದು ಬರೀ ಗೀರೆಂದು ಗೊತ್ತಾಗಿಬಿಡುತ್ತದೆಂದು ಹೆದರಿದರು. ಒಂದೇ ಫಲಕ ತೊಳೆದರೆ ಅನುಮಾನ ಬರುತ್ತದೆಂದು ನೂರ ಇಪ್ಪತ್ತನ್ನೂ ತೊಳೆದರು.

"ನನ್ನ ಮಗಳನ್ನ ಓದಿಸಿದ್ದು ಅವರು. ಈ ವಯಸ್ಸಲ್ಲಿ ಅವರ ಮುಖಕ್ಕೆ ಮಸಿ ಬಳೀಲಾ?"

ನಾಲ್ಕೂ ನಲವತ್ತಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಮಾಮನ ಮುಖದಲ್ಲಿ ಹೊರೆ ಇಳಿಸಿದ ನಿರಾಳವಿತ್ತು.

ಐದೂವರೆಗೆ ಇನ್‌ಸ್ಪೆಕ್ಟರ್ ಮೇಷ್ಟ್ರ ಮನೆಗೆ ಹೋಗಿ ಹೇಳಿಕೆ ಪಡೆದರು. ಎಲ್ಲ ಕೇಳಿಸಿಕೊಂಡ ಮೇಲೆ ಮೇಷ್ಟ್ರು ಹೇಳಿದರು.

"ಆ ಗೀರು ನಾನು ಮೊದಲನೇ ದಿನವೇ ನೋಡಿದ್ದೆ. ಅದು ಮೇಲ್ಗಡೆ, ಒಂದು ಅಂಚಲ್ಲಿತ್ತು. ಕಣದ ಗೆರೆ ಲೇಪದ ಆಳಕ್ಕೆ ಇಳಿದಿರುತ್ತೆ. ಎರಡೂ ಬೇರೆ ಬೇರೆ. ಒಂದು ಮಾತು ಕೇಳಿದ್ದಿದ್ರೆ ತೋರಿಸ್ತಿದ್ದೆ." ಕನ್ನಡಕ ತೆಗೆದರು. "ಅವನು ಯಾಕೆ ಕೇಳ್ತಾನೆ? ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಅವನನ್ನ ಸೂಕ್ಷ್ಮದರ್ಶಕದ ಹತ್ತಿರ ಕರೀಲಿಲ್ಲ."

ಇನ್ನು ತೋರಿಸಲು ಸಾಕ್ಷ್ಯವಿಲ್ಲ. ಪರೀಕ್ಷೆಗೆ ಹೆದರಿ ಮೇಷ್ಟ್ರೇ ತೊಳೆಸಿದರೆಂದು ಸಂಸ್ಥೆಯ ಕಾರಿಡಾರಿನಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಮೇಷ್ಟ್ರು ಬರೆದುಕೊಂಡ ಹೇಳಿಕೆಯನ್ನು ಓದಿ ನೋಡಿ, ಬಾಗಿಲವರೆಗೆ ಬಂದು ಒಂದನ್ನು ಮಾತ್ರ ಕೇಳಿಕೊಂಡರು.

"ಆ ಗೆರೆ ಗೀರಲ್ಲ ಅಂತ ಅವನಿಗೆ ಹೇಳಬೇಡಿ ತಾಯಿ."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಆದರೆ ಆರೋಪಪಟ್ಟಿಯ ಜತೆ ಸಾಕ್ಷಿಗಳ ಎಲ್ಲ ಹೇಳಿಕೆಗಳ ಪ್ರತಿಯನ್ನು ಆರೋಪಿಗೆ ಕೊಡಲೇಬೇಕು. ಅದು ಕಾನೂನು.