ಕೆಂಪು ಬೋಟಿನ ಎರಡನೇ ಸೀಟು

"ಚಿಕ್ಕ ಬೋಟು! ಚಿಕ್ಕದು, ಚಿಕ್ಕದು!" ಸಹನಾ ಅಪ್ಪನ ಷರ್ಟು ಹಿಡಿದು ಜಗ್ಗಿದಳು.

ಕೃಷ್ಣಗಿರಿ ಹತ್ತಿರದ ಕೆರೆಯ ಬೋಟ್ ಹೌಸಿನಲ್ಲಿ ಎರಡು ಮೋಟಾರ್ ಬೋಟುಗಳಿದ್ದವು. ದೊಡ್ಡದಕ್ಕೆ ನೀಲಿ ಚಾವಣಿ, ಹನ್ನೆರಡು ಸೀಟು, ಸುತ್ತಲೂ ಎತ್ತರದ ಕಂಬಿ. ಹೋಗುವುದು ಮಾತ್ರ ಆಮೆ ನಡಿಗೆ. ಚಿಕ್ಕದು ಕೆಂಪು. ಡ್ರೈವರ್ ಬಿಟ್ಟರೆ ಎರಡೇ ಸೀಟು. ಹೊರಟಿತೆಂದರೆ ಜುಯ್ ಅಂತ ನೀರು ಹಾರಿಸುತ್ತಿತ್ತು.

"ದೊಡ್ಡದಾದ್ರೆ ನಾಲ್ಕೂ ಜನ ಒಟ್ಟಿಗೆ ಹೋಗ್ಬೋದಲ್ಲಮ್ಮಾ," ಅಂದ ಅಪ್ಪ.

"ಅದೇನ್ ಬೋಟಾ? ಟೌನ್ ಬಸ್ಸು! ಕೆಂಪು ಬೋಟಲ್ಲಿ ಹೋಗ್ತೀನಿ ಅಂತ ಕ್ಲಾಸಲ್ಲಿ ಎಲ್ರಿಗೂ ಹೇಳ್ಬುಟ್ಟಿದೀನಿ. ಸೋಮವಾರ ನಂದಿತಾ ಕೇಳೇ ಕೇಳ್ತಾಳೆ."

ಕ್ಲಾಸಲ್ಲಿ ಮಾತ್ರವೇ? ಮೂಕಂಡಪಲ್ಲಿಯ ಅವರ ಬೀದಿಯಲ್ಲಿ ನಾಯಿಗಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಿದ್ದಳು.

"ಈಜು ಬರೋದು ನಿಮಗೊಬ್ರಿಗೇ," ಅಮ್ಮ ಅಪ್ಪನಿಗೆ ಹೇಳಿದಳು. "ಚಿಕ್ಕದಕ್ಕೆ ಯಾರೇ ಹತ್ಲಿ, ಜೊತೇಲಿ ನೀವಿರ್ಬೇಕು."

ಇದೇ ಲಾಸ್ಟ್ ಟ್ರಿಪ್ ಅಂತ ಕೌಂಟರಿನವನು ಅವಸರ ಮಾಡಿದ. ಕೊನೆಗೆ ಕೆಂಪು ಬೋಟಿಗೆ ಅಪ್ಪ ಮತ್ತು ಸಹನಾ, ದೊಡ್ಡದಕ್ಕೆ ಅಮ್ಮ ಮತ್ತು ಅಜ್ಜಿ ಅಂತಾಯಿತು. ಸಹನಾ ಲೈಫ್ ಜಾಕೆಟ್ ಹಾಕಿಕೊಂಡು ಒಂಟಿಕಾಲಲ್ಲಿ ಕುಣಿದಳು.

ಅಜ್ಜಿ ರುಕ್ಮಿಣಮ್ಮ ಜನ್ಮದಲ್ಲೇ ಬೋಟು ಹತ್ತಿದವಳಲ್ಲ. ದೊಡ್ಡ ಬೋಟಿನ ಅಂಚಿನ ಸೀಟಲ್ಲಿ ಕೂತವಳೇ ಸೆರಗಿನ ಗಂಟು ಬಿಚ್ಚಿ, ಒಂದು ಪೊಟ್ಟಣ ತೆಗೆದು, ಕಂಬಿಯ ಸಂದಿಯಲ್ಲಿ ಕೈ ಚಾಚಿದಳು. ನೀರು ಎಷ್ಟೋ ಕೆಳಗಿತ್ತು.

"ಪಾಟೀ, ಕೈ ಆಚೆ ಹಾಕ್ಬಾರ್ದು!" ತಮಿಳಿನ ಬೋಟಿನವನು ಅಜ್ಜಿಗೆ ಕೂಗಿ ಹೇಳಿದ.

"ಗಂಗಮ್ಮಂಗೆ ಒಂಚೂರು ಅರಿಶಿನ ಕುಂಕುಮ ಕೊಡ್ಬೇಕಿತ್ತು ಕಣಪ್ಪ."

"ಮೇಲಿಂದ್ಲೇ ಎಸೆದ್ಬುಡು ಪಾಟೀ."

ಅಜ್ಜಿ ಮುಖ ಸಿಂಡರಿಸಿದಳು. "ಮನೆಗೆ ಬಂದ ಮುತ್ತೈದೆಗೆ ಕುಂಕುಮ ಎಸೀತಾರೇನ್ಲಾ? ಕೈ ಮುಟ್ಟಿಸಿ ಕೊಡ್ಬೇಕು."

"ದಡದಲ್ಲೇ ಕೊಡ್ಬೋದಿತ್ತಲ್ಲ ಅತ್ತೆ," ಅಂದಳು ಅಮ್ಮ.

"ದಡದ ನೀರು ಕಾಲು ತೊಳೆಯೋಕೆ ಕಣಮ್ಮ. ನಡುನೀರು ಗಂಗಮ್ಮಂದು. ಹೋಗ್ಲಿ ಬುಡು." ಅಜ್ಜಿ ಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಸಹನಾಳ ಕುಣಿತ ನಿಂತಿತು. ಪಕ್ಕದಲ್ಲೇ ಕೆಂಪು ಬೋಟು ತೂಗುತ್ತಿತ್ತು. ಅದರಲ್ಲಿ ಕೂತರೆ ನೀರು ಕೈಗೇ ಸಿಗುತ್ತದೆ. ಅಯ್ಯೋ, ಆ ಗಂಟು ತನ್ನ ಕಣ್ಣಿಗೆ ಬೀಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಸಹನಾಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂದ ಹಾಗಾಯಿತು.

"ಅಜ್ಜೀ, ಇಳಿ!"

"ಯಾಕಮ್ಮಿ? ಬೋಟು ಕೆಟ್ಟೋಯ್ತಾ?"

"ಕೆಂಪುದಕ್ಕೆ ನೀನು ಹೋಗು. ಅದು ತುಂಬಾ ಫಾಸ್ಟು. ನಂಗೆ ಭಯ."

ಅಪ್ಪ ಅವಳನ್ನೇ ಒಂದು ಗಳಿಗೆ ನೋಡಿದ. ಅವಳ ಜಾಕೆಟ್ ತೆಗೆದಿಟ್ಟು, ಅಜ್ಜಿಗೆ ದೊಡ್ಡದೊಂದನ್ನು ತೊಡಿಸಿದ. ಸೀರೆಯ ಮೇಲೆ ಜಾಕೆಟ್ ತೊಟ್ಟ ಅಜ್ಜಿ ಭರ್ತಿ ಮೂಟೆಯ ಹಾಗೆ ಕಂಡಳು. ಅಪ್ಪ ಕೆಂಪು ಬೋಟಿನ ಡ್ರೈವರ್ ಕಿವಿಯಲ್ಲಿ ಏನೋ ಹೇಳಿದ.

ದೊಡ್ಡ ಬೋಟು ಟೊಕ್ ಟೊಕ್ ಅಂತ ಹೊರಟಿತು. ಸಹನಾ ಅಮ್ಮನ ಪಕ್ಕ ಮುಖ ಊದಿಸಿಕೊಂಡು ಕೂತಳು. ಅಷ್ಟರಲ್ಲಿ ಕೆಂಪು ಬೋಟು ಪಕ್ಕದಲ್ಲೇ ಹಾರಿಹೋಯಿತು.

"ಅಯ್ಯಯ್ಯೋ! ಅಯ್ಯಯ್ಯಪ್ಪೋ!" ಅಜ್ಜಿಯ ಕೂಗು. "ಇನ್ನೂ ಜೋರಾಗಿ ಬುಡ್ಲಾ!"

ದೊಡ್ಡ ಬೋಟಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸಹನಾಗೂ ತಡೆಯಲಾಗಲಿಲ್ಲ.

ನಡುನೀರಲ್ಲಿ ಕೆಂಪು ಬೋಟಿನ ಎಂಜಿನ್ ನಿಂತಿತು. ಅಪ್ಪ ಅಜ್ಜಿಯ ಭುಜ ಹಿಡಿದುಕೊಂಡ. ಅಜ್ಜಿ ಬಾಗಿ, ಮಣಿಕಟ್ಟಿನವರೆಗೆ ಕೈ ಅದ್ದಿ, ತುಂಬಾ ಹೊತ್ತು ಹಾಗೇ ಇದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ನೀರಿನ ಮೇಲೆ ಒಂದಿಷ್ಟು ಹಳದಿ ಹರಡಿತು.

ದಡಕ್ಕೆ ಬಂದಾಗ ಅಜ್ಜಿಯ ತುರುಬು ಬಿಚ್ಚಿಹೋಗಿತ್ತು. ಅವಳು ಒದ್ದೆ ಹೆಬ್ಬೆರಳಿನಿಂದ ಸಹನಾಳ ಹಣೆಗೆ ಅರಿಶಿನ ಒತ್ತಿದಳು. "ನಿಂಗ್ಯಾಕೆ ಭಯ ಅಮ್ಮಿ? ಬೋ ಚೆಂದಾಗಿತ್ತು ಕಣೇ!"

"ಸೋಮವಾರ ನಂದಿತಾಗೆ ಏನ್ ಹೇಳ್ತೀಯ?" ಅಪ್ಪ ಮೆಲ್ಲಗೆ ಕೇಳಿದ.

ಸಹನಾ ಯೋಚಿಸಿದಳು. "ನಮ್ಮಜ್ಜಿ ಡ್ರೈವರ್‌ಗೇ ಜೋರಾಗಿ ಬುಡ್ಲಾ ಅಂದ್ಲು ಅಂತ."

ಅಜ್ಜಿಯ ಸೆರಗಿನ ತುದಿ ಈಗ ಗಂಟಿಲ್ಲದೆ ನೇತಾಡುತ್ತಿತ್ತು. ಸಹನಾ ಆ ಒದ್ದೆ ತುದಿಯನ್ನು ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.