ಹದಿನಾಲ್ಕನೇ ಕುಳಿಯ ನಂತರ

ಬೆಳಿಗ್ಗೆ ಐದಕ್ಕೆ ಅವನ ಫೋನಿನ ಅಲಾರಂ ಹೊಡೆದುಕೊಂಡಿತು.

"ಅಯ್ಯೋ, ಆಫ್ ಮಾಡೋ ಅದನ್ನ!"

ನಿದ್ದೆಗಣ್ಣಿನಲ್ಲೇ ಬೈದು, ಅವನ ಹೆಗಲನ್ನು ತಿವಿಯಲು ಅವಳು ಕೈ ಚಾಚಿದಳು. ಹಾಸಿಗೆ ತಣ್ಣಗಿತ್ತು.

ಆಗ ನೆನಪಾಯಿತು...

ಅವನ ಅಂತ್ಯಕ್ರಿಯೆ ಮುಗಿದು ಮೂರು ದಿನವಾಗಿತ್ತು. ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು. ಇವತ್ತು ಭಾನುವಾರ. ಎಲ್ಲರ ಮನೆಯಲ್ಲೂ ಇರುವಂಥ ಬರೀ ಒಂದು ಭಾನುವಾರ.

ಎರಡು ವರ್ಷ ಈ ಸದ್ದನ್ನು ಶಪಿಸಿದ್ದಳು. ಪ್ರತಿ ಭಾನುವಾರ ಅವನು ಐದಕ್ಕೆ ಎದ್ದು, ಗಾಲ್ಫ್ ಬ್ಯಾಗನ್ನು ಹೆಗಲಿಗೇರಿಸಿ ಬೆಕ್ಕಿನ ಹೆಜ್ಜೆಯಲ್ಲಿ ಹೊರಟುಬಿಡುತ್ತಿದ್ದ. ಬರುವಾಗ ಹತ್ತೂವರೆ. ವಾರವಿಡೀ ಅವನಿಗೆ ಆಫೀಸು, ಅವಳಿಗೆ ಕಾಲೇಜು. ಸಿಗುತ್ತಿದ್ದ ಒಂದೇ ಒಂದು ಬೆಳಿಗ್ಗೆಯೂ ಆ ಹುಲ್ಲಿನ ಪಾಲು!

ಹೋದ ಭಾನುವಾರ ಮಾತ್ರ ಅವಳು ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಂದು ಮಾತು ಹೇಳಿ ಹೋಗು. ನಿನಗೆ ಆಟ ಇಷ್ಟಾನೋ, ಅಥವಾ ನನ್ನಿಂದ ದೂರ ಇರೋದು ಇಷ್ಟಾನೋ?"

ಅವನು ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಬಂದು ಹೇಳ್ತೀನಿ," ಎಂದಿದ್ದ.

ಅವತ್ತು ಒಂಬತ್ತೂವರೆಗೇ ಬಂದ. ಅವಳು ಮುಖ ಊದಿಸಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಯಾಕೆ ಬೇಗ ಬಂದೆ ಎಂದು ಕೇಳಲಿಲ್ಲ.

"ಒಂದ್ನಿಮಿಷ ಇಲ್ಲಿ ಬಂದು ನಿಂತ್ಕೊಳ್ತೀಯಾ?" ಹಜಾರದಿಂದ ಕರೆದ.

"ನನಗೆ ಕೆಲಸ ಇದೆ."

ಸೋಮವಾರ ಅವಳು ಮಾತಾಡಲಿಲ್ಲ. ಮಂಗಳವಾರ ಕರೆಂಟ್ ಬಿಲ್ ಬಗ್ಗೆ ಮಾತ್ರ ಮಾತಾಡಿದಳು. ಬುಧವಾರ ಅವನು ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಹೃದಯ, ಎಂದರು ಡಾಕ್ಟರು.

ಅವನು ಬಂದ. ಹೇಳಲಿಲ್ಲ. ಅಲ್ಲ... ಹೇಳಲು ನಾನೇ ಬಿಡಲಿಲ್ಲ.

ಎಂಟು ಗಂಟೆಗೆ ನಾದಿನಿಯ ಫೋನ್ ಬಂತು.

"ಅತ್ತಿಗೆ, ಏನಾದ್ರೂ ತಿಂದ್ರಾ?"

"ಹ್ಞೂಂ."

"ಸುಳ್ಳು. ಅಣ್ಣನ ಹಾಗೇ ಆಡ್ಬೇಡಿ ನೀವೂ. ಮತ್ತೆ... ಆ ಗಾಲ್ಫ್ ಬ್ಯಾಗ್ ಯಾರಿಗಾದ್ರೂ ಕೊಟ್ಬಿಡಿ. ಕಣ್ಣೆದುರು ಇರೋದು ಬೇಡ."

ಫೋನಿಟ್ಟು ಬ್ಯಾಗನ್ನು ಬಿಚ್ಚಿದಳು. ಅದನ್ನು ಮುಟ್ಟುತ್ತಿರುವುದು ಇದೇ ಮೊದಲು. ಅವನ ಉದ್ದನೆಯ ಕೋಲುಗಳ ನಡುವೆ ಒಂದು ಗಿಡ್ಡ ಪಟರ್ ಇತ್ತು. ಕೊನೆಗೆ ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಕೋಲು ಅದು. ಆರಡಿಯ ಅವನು ಇದನ್ನು ಹಿಡಿದರೆ ನೆಲ ಒರೆಸುವವನ ಹಾಗೆ ಬಗ್ಗಬೇಕಿತ್ತು!

ಪಕ್ಕದ ಜೇಬಿನಲ್ಲಿ ಒಂದು ನೋಟುಪುಸ್ತಕ. ಪ್ರತಿ ಭಾನುವಾರಕ್ಕೊಂದು ಪುಟ, ಹದಿನೆಂಟು ಕುಳಿಗಳಿಗೆ ಹದಿನೆಂಟು ಸಾಲು. ಎಷ್ಟು ಹೊಡೆತ, ಎಲ್ಲಿ ತಪ್ಪಿತು, ಕಾರಣವೇನು. 'ಮೊಣಕೈ ಬಾಗಿತು.' 'ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.' 'ತಲೆ ಬೇಗ ಎತ್ತಿದೆ. ಮುಂದಿನ ವಾರ ಇದನ್ನೇ ಅಭ್ಯಾಸ ಮಾಡಬೇಕು.'

ಕಾಲೇಜಿನಲ್ಲಿ ಅವಳು ಕಲಿಸುವುದು ಸಂಖ್ಯಾಶಾಸ್ತ್ರ. ಅಂಕಿಗಳನ್ನು ಕಂಡರೆ ಕಣ್ಣು ತಾನಾಗಿ ಸಾಲು ಹಿಡಿಯುತ್ತದೆ. ಹದಿನಾಲ್ಕನೇ ಕುಳಿಯವರೆಗೆ ಆಟ ವಾರದಿಂದ ವಾರಕ್ಕೆ ಸುಧಾರಿಸಿತ್ತು. ಕೊನೆಯ ನಾಲ್ಕರಲ್ಲಿ ಮಾತ್ರ ಪ್ರತಿ ವಾರವೂ ಕೆಟ್ಟಿತ್ತು. ಆ ನಾಲ್ಕಕ್ಕೂ ಒಂದೇ ಕಾರಣ.

'ಗೊತ್ತಿದೆ.'

ಏನು ಗೊತ್ತಿತ್ತು ಅವನಿಗೆ? ಅಕ್ಷರಗಳೂ ನಡುಗಿದ ಹಾಗಿದ್ದವು. ಆಗಲೇ ಆಯಾಸವಾಗುತ್ತಿತ್ತೇ? ಎದೆ ನೋಯುತ್ತಿತ್ತೇ? ನಾನು ಜಗಳವಾಡುತ್ತಿದ್ದಾಗ ಅವನು ನೋವು ನುಂಗುತ್ತಿದ್ದನೇ?

ಕೊನೆಯ ಪುಟದಲ್ಲಿ ಹದಿನಾಲ್ಕೇ ಸಾಲು. ಕೆಳಗೆ: 'ಇಲ್ಲಿಗೆ ಬಿಟ್ಟೆ. ಕಾರಣ ಗೊತ್ತಿದೆ. ಪಟರ್ ಕೋಚ್ ಮನೆಯವರದು, ವಾಪಸ್ ಕೊಡಬೇಕು. ಉದ್ದ ಸರಿ ಇದೆಯಾ?'

ಅವಳು ಚಪ್ಪಲಿ ಮೆಟ್ಟಿ, ಪಟರನ್ನೂ ನೋಟುಪುಸ್ತಕವನ್ನೂ ಹಿಡಿದು ಹೊರಟಳು.

ಗಾಲ್ಫ್ ಮೈದಾನಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಅಷ್ಟು ಹತ್ತಿರವಿತ್ತು. ಒಂದು ದಿನವೂ ಬಂದಿರಲಿಲ್ಲ.

ಮೈದಾನದ ಅಂಚಿನ ಸಣ್ಣ ಕೋಣೆಯಲ್ಲಿ ಕೋಚ್ ಕೋಲುಗಳಿಗೆ ಹಿಡಿ ಸುತ್ತುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಬಾಗಿಲಲ್ಲಿ ನಿಂತವಳನ್ನೂ ಅವಳ ಕೈಯಲ್ಲಿದ್ದ ಪಟರನ್ನೂ ನೋಡಿ ಎದ್ದು ನಿಂತರು. ಸುದ್ದಿ ಅವರಿಗೂ ತಲುಪಿತ್ತು.

"ನೀವು... ನಮ್ಮ ಅವಸರದಪ್ಪನ ಮನೆಯವ್ರು."

"ಏನಂದ್ರಿ?"

"ತಪ್ಪು ತಿಳ್ಕೋಬೇಡಿ. ಇಲ್ಲಿ ಅವನಿಗೆ ಎಲ್ರೂ ಇಟ್ಟಿದ್ದ ಹೆಸರು."

ಅವಳು ನೋಟುಪುಸ್ತಕದ ಹಳೆಯ ಪುಟವೊಂದನ್ನು ತೆರೆದು, ಕೊನೆಯ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟಳು.

"ಸರ್, ಇದೊಂದು ಹೇಳಿ. ಇಲ್ಲಿಗೆ ಬರೋಷ್ಟರಲ್ಲಿ ಅವನಿಗೆ ಸುಸ್ತಾಗ್ತಿತ್ತಾ? ಕೈ ನಡುಗ್ತಿತ್ತಾ?"

"ಸುಸ್ತಾ? ಅವನಿಗಾ?" ಕೋಚ್ ತಲೆಯಾಡಿಸಿದರು. "ಕುದುರೆ ಥರ ಓಡ್ತಿದ್ದ ಕಣಮ್ಮ! ಆಡಿದ ಮೇಲೆ ಅರ್ಧ ಗಂಟೆ ಕೂತು ಯೋಚನೆ ಮಾಡಿ ಬರೀರಿ ಅಂತ ಎಲ್ರಿಗೂ ಹೇಳ್ತೀನಿ. ಇವನು ಬಸ್ಸಲ್ಲಿ ಬರ್ಕೊಳ್ತಿದ್ದ. ಅಕ್ಷರ ಇನ್ನೇನಾಗುತ್ತೆ?"

"ಹಾಗಾದ್ರೆ ಈ ನಾಲ್ಕು...?"

"ಹದಿನಾಲ್ಕು ಮುಗಿಯೋ ಹೊತ್ತಿಗೆ ಒಂಬತ್ತಾಗ್ತಿತ್ತು. ವಾಚ್ ನೋಡ್ಕೊಳ್ತಿದ್ದ. 'ಅವಳು ಎದ್ದಿರ್ತಾಳೆ ಸರ್' ಅಂತಿದ್ದ. ಅಷ್ಟೇ! ಆಮೇಲೆ ಗುರಿ ಇಲ್ಲ, ಗಾಳಿ ಇಲ್ಲ, ಸುಮ್ನೆ ಹೊಡ್ಕೊಂಡು ಓಡೋದೇ. ಎಷ್ಟು ಬೈದಿದ್ದೀನಿ!"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೋದ ವಾರ?"

"ಹೋದ ವಾರ ಅವನ ಜನ್ಮದಲ್ಲೇ ಆಡದ ಆಟ ಆಡ್ದ. ಹದಿನಾಲ್ಕಾದ್ಮೇಲೆ ಕೋಲು ಬ್ಯಾಗಿಗೆ ತುರುಕಿದ. 'ಏನಯ್ಯಾ, ಇಂಥ ಸ್ಕೋರ್ ಬಿಟ್ಟು ಹೋಗ್ತೀಯಾ?' ಅಂದೆ. 'ಮನೇಲಿ ಒಂದು ಪ್ರಶ್ನೆ ಕೇಳಿದ್ದಾಳೆ ಸರ್, ಬಂದು ಹೇಳ್ತೀನಿ ಅಂದಿದ್ದೀನಿ' ಅಂದ."

ಹೊರಗೆ ಯಾರೋ ಚೆಂಡು ಹೊಡೆದ ಸದ್ದು ಕೇಳಿಸಿತು.

ಹಿಂದಿನ ಬಾಗಿಲಿನಿಂದ ಕೋಚ್ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಅವಳಷ್ಟೇ ಎತ್ತರದ ಹೆಂಗಸು.

"ಪಟರ್ ನಂದು. ಇವರ ಹತ್ರ ಕೇಳಿದ್ರೆ ಕೊಡ್ತಿರ್ಲಿಲ್ಲ, ಜಿಪುಣ. ಅದಕ್ಕೆ ನನ್ನ ಹತ್ರ ಬಂದ. 'ನನ್ನ ಹೆಂಡ್ತಿಗೆ ಉದ್ದ ಸರಿ ಹೋಗುತ್ತಾ ನೋಡ್ಬೇಕಮ್ಮ, ಸರಿ ಇದ್ರೆ ಮುಂದಿನ ವಾರದಿಂದ ಅವಳನ್ನೂ ಕರ್ಕೊಂಡು ಬರ್ತೀನಿ' ಅಂದ. 'ಬರ್ತಾಳೇನೋ?' ಅಂದೆ. 'ಬೈತಾಳೆ, ಆದ್ರೆ ಬರ್ತಾಳೆ' ಅಂದ."

ಅವಳಿಗೆ ಅಳು ಬರಲಿಲ್ಲ. ನಾಲ್ಕು ದಿನದಿಂದ ಬಂದಿರಲಿಲ್ಲ.

"ಒಂದ್ನಿಮಿಷ ಇಲ್ಲಿ ಬಂದು ನಿಂತ್ಕೊಳಮ್ಮ," ಎಂದರು ಆಕೆ.

ಅದೇ ಮಾತು...

ಈ ಸಲ ಅವಳು ಹೋಗಿ ನಿಂತಳು. ಕೋಣೆಯ ಮುಂದಿನ ಹುಲ್ಲಿನ ಮೇಲೆ, ಅಭ್ಯಾಸದ ಕುಳಿಯ ಎದುರಿಗೆ. ಆಕೆ ಹಿಂದಿನಿಂದ ಬಂದು ಅವಳ ಎರಡೂ ಕೈಗಳನ್ನು ಹಿಡಿಯ ಮೇಲೆ ಕೂರಿಸಿದರು. ಬಗ್ಗಬೇಕಾಗಲಿಲ್ಲ, ಹೆಗಲೆತ್ತಬೇಕಾಗಲಿಲ್ಲ. ಕೋಲು ಅವಳ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಅವನು ಅಳತೆಗೋಲಿಲ್ಲದೆಯೇ ಅವಳ ಎತ್ತರವನ್ನು ಅಳೆದಿಟ್ಟಿದ್ದ.

ಚೆಂಡನ್ನು ತಳ್ಳಿದಳು. ಅದು ಕುಳಿಯ ಪಕ್ಕದಲ್ಲೇ ಹಾದು ಮುಂದೆ ಹೋಯಿತು.

"ತಲೆ ಬೇಗ ಎತ್ತಿದೆ," ಎಂದರು ಕೋಚ್.

"ಗೊತ್ತಿದೆ," ಎಂದಳು ಅವಳು.

ಮೈದಾನದಲ್ಲಿ ಜನ ಇಬ್ಬಿಬ್ಬರಾಗಿ ನಡೆಯುತ್ತಿದ್ದರು. ದೂರದಲ್ಲೊಂದು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಹದಿನೈದನೆಯದು ಅದೇ ಎಂದು ಕೋಚ್ ತೋರಿಸಿದರು. ಗಡಿಯಾರ ನೋಡಿದಳು. ಹತ್ತೂವರೆ. ಇಷ್ಟು ಹೊತ್ತಿಗೆ ಬೀಗ ತೆಗೆಯುವ ಸದ್ದು ಕೇಳಬೇಕಿತ್ತು.

ಕೋಲಿನ ತುದಿಗೆ ಅಂಟಿದ್ದ ಹುಲ್ಲನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ನಿನ್ನ ಹತ್ರಾನೇ ಇರಲಿ ಬಿಡು ಮಗಳೇ. ಅವನು ನಿನಗೇ ಅಂತ ತಾನೇ ತಗೊಂಡು ಹೋಗಿದ್ದು?"

"ಬೇಡಮ್ಮ. ವಾಪಸ್ ಕೊಡ್ಬೇಕು ಅಂತ ಬರೆದಿದ್ದಾನೆ."

ಆಕೆ ತೆಗೆದುಕೊಂಡರು. ಮೆಲ್ಲಗೆ ಕೇಳಿದರು.

"ಉದ್ದ ಸರಿ ಇತ್ತಾ? ಅದನ್ನ ಹೇಳ್ಲೇ ಇಲ್ಲ ನೀನು."

ಅವಳು ದೂರದ ಬಾವುಟವನ್ನೇ ನೋಡುತ್ತಿದ್ದಳು.

"ಸರಿ ಇದೆ ಕಣೋ..." ಎಂದಳು.

ಆಕೆ ಪಟರನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಅವಳ ಬೆನ್ನು ಸವರಿದರು.