ಆಡು ತಿನ್ನದ ಆದೇಶ

ಸೆಪ್ಟೆಂಬರ್ 16, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಜಗಳೂರು ಠಾಣೆಯ ಮೆಟ್ಟಿಲು ಹತ್ತಿ ಬಂದ ಮಹೇಶ್ವರಪ್ಪನವರ ಮುಖದಲ್ಲಿ ಮನೆಗೆ ಬೆಂಕಿ ಬಿದ್ದವರ ಅವಸರವಿತ್ತು. ಕರಡಿಕಟ್ಟೆ ಗ್ರಾಮದ ಮಂಜುಶ್ರೀ ವೈನ್ಸ್ ಅವರದು. ಅಂಗಡಿಯಲ್ಲಿ ಕಳ್ಳತನವಾಗಿರಲಿಲ್ಲ, ಒಂದು ಬಾಟಲಿಯೂ ಒಡೆದಿರಲಿಲ್ಲ. ಯಾರೋ ಒಂದು ಕಾಗದ ಅಂಟಿಸಿ ಅಂಗಡಿಯನ್ನು ಮುಚ್ಚಿಸಿಬಿಟ್ಟಿದ್ದರು. ಅದೇ ಅವರ ದೂರು.

ಪಿಎಸ್‌ಐ ಗುರುಬಸವರಾಜ್ ಪೆನ್ನಿನ ಮುಚ್ಚಳ ತೆಗೆದರು. ಮೂರು ವಾರದಿಂದ ಅವರಿಗೆ ಗಣಪತಿ ವಿಸರ್ಜನೆಯ ಬಂದೋಬಸ್ತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮುಗಿಸಿ ಕೊನೆಗೆ ತಮ್ಮದೇ ಜಗಳೂರು. ಚನ್ನಗಿರಿಯಲ್ಲಂತೂ ಮೆರವಣಿಗೆ ಅವರ ಮನೆಯ ಬೀದಿಯಲ್ಲೇ ಹಾದುಹೋಗಿತ್ತು. ಹೆಂಡತಿ ಶಿವಲೀಲಾ, ಎಂಟು ವರ್ಷದ ಮಗಳು ಮಾಳಿಗೆ ಮೇಲೆ ನಿಂತಿದ್ದರು. ಕೆಳಗೆ ಲಾಠಿ ಹಿಡಿದು ನಿಂತ ಅಪ್ಪನನ್ನು ಮಗಳು ನೋಡಲಿಲ್ಲ, ಗಣಪತಿಯನ್ನು ನೋಡುತ್ತಿದ್ದಳು. ಅವಳದೇನೂ ತಪ್ಪಿರಲಿಲ್ಲ.

"ಸರಿಯಾಗಿ ಹೇಳ್ರಿ. ಗಣಪತಿಗೆ ಅಂತ ಮದ್ಯ ನಿಷೇಧ ಇದ್ದಿದ್ದು ಯಾವಾಗಿಂದ?"

"ಶನಿವಾರ ಬೆಳಿಗ್ಗೆ ಆರರಿಂದ ಸೋಮವಾರ ಬೆಳಿಗ್ಗೆ ಆರರ ತನಕ ಸಾರ್. ಡಿಸಿ ಆದೇಶ. ಅದ್ಕೆ ನಾನು ಎರಡು ಮಾತಾಡಿಲ್ಲ, ಬೀಗ ಹಾಕ್ಸಿದ್ದೆ. ಸೋಮವಾರ ನಮ್ಮ ಹಾಲಸ್ವಾಮಿ ಅಂಗಡಿ ತೆಗಿಯಾಕೆ ಹೋದ್ರೆ ಷಟರ್ ಮೇಲೆ ಇನ್ನೊಂದು ಆದೇಶ. ಶುಕ್ರವಾರದ ತನಕ ಮುಂದುವರಿಸಿದೆ ಅಂತ. ಸೀಲು, ಸಹಿ ಎಲ್ಲಾ ಐತೆ."

"ನಂಬಿದ್ರಾ?"

"ನಂಬಿ ಒಂದು ದಿನ ಮುಚ್ಚಿದ್ವಿ. ಇವತ್ತು ಅಬಕಾರಿ ಕಚೇರಿಗೆ ಫೋನ್ ಮಾಡಿದ್ರೆ ಅಂಥ ಆದೇಶನೇ ಇಲ್ಲ ಅಂತಾರೆ!"

ನಕಲಿ ಸರ್ಕಾರಿ ದಾಖಲೆ ಸೃಷ್ಟಿಸಿದ ಆರೋಪದಡಿ 11.30ಕ್ಕೆ ಎಫ್‌ಐಆರ್ ಆಯಿತು. ಆರೋಪಿಯ ಹೆಸರಿರುವ ಜಾಗದಲ್ಲಿ 'ಅಪರಿಚಿತರು' ಎಂದು ಬರೆದು, ಗುರುಬಸವರಾಜ್ ಹೆಡ್ ಕಾನ್ಸ್‌ಟೇಬಲ್ ಮಲ್ಲೇಶಪ್ಪನವರ ಜೊತೆ ಜೀಪು ಹತ್ತಿದರು. ಮಲ್ಲೇಶಪ್ಪ ಆ ಸೀಮೆಯ ಕುರಿಗಾರರ ಮನೆಯವರು. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಕುರಿಯ ಹಿಂದೆ ಅಲೆದೇ ಕಲಿತಿದ್ದರು.

ಕರಡಿಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಊರು ಎರಡು ಪಾಲಾಗಿ ಕೂತಿತ್ತು. ಚಹಾದಂಗಡಿಯ ಬೆಂಚಿನ ಮೇಲಿದ್ದ ಗಂಡಸರು ಜೀಪು ನೋಡಿದ ಕೂಡಲೇ ಎದ್ದರು.

"ಗಣಪತಿ ಇರೋದು ಜಗಳೂರಾಗೆ ಸಾರ್. ಬಾಯಿ ಒಣಗಿರೋದು ನಮ್ದು. ಇದ್ಯಾವ ನ್ಯಾಯ?" ಎಂದ ಒಬ್ಬ.

"ಟೆಂಪೊ ಮಾಡ್ಕಂಡು ಪಕ್ಕದ ಜಿಲ್ಲೆಗೆ ಹೋಗ್ಬಂದೀವಿ. ಕುಡಿಯೋನು ಎಲ್ಲಿದ್ರೂ ಕುಡೀತಾನೆ," ಎಂದ ಇನ್ನೊಬ್ಬ, ದೊಡ್ಡ ಸಾಹಸ ಮಾಡಿದವನಂತೆ.

ಎದುರಿಗೆ ನೀರಿನ ಟ್ಯಾಂಕಿನ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರು ಮಾತ್ರ ಯಾವ ದೂರನ್ನೂ ಹೇಳಲಿಲ್ಲ. ಅಂಗಡಿಯ ಮುಚ್ಚಿದ ಷಟರಿನ ಮುಂದೆ ಯಾರೋ ಸೆಗಣಿ ಸಾರಿಸಿ ದೊಡ್ಡ ರಂಗೋಲಿ ಹಾಕಿದ್ದರು. ಹಬ್ಬದ ಮನೆಯ ಮುಂದೆಯೂ ಅಷ್ಟು ಅಚ್ಚುಕಟ್ಟಾದ ರಂಗೋಲಿ ಕಾಣುವುದಿಲ್ಲ. ಗುರುಬಸವರಾಜ್ ಅದನ್ನು ತುಳಿಯದೆ ಬಳಸಿಕೊಂಡು ಹೋದರು.

12.30ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಷಟರಿನ ಪಕ್ಕದ ಗೋಡೆಗೆ ಅಬಕಾರಿಯವರು ಅಂಟಿಸಿದ್ದ ಅಸಲಿ ಆದೇಶವಿತ್ತು. ಅದರಲ್ಲಿ ಉಳಿದಿದ್ದು ಮೇಲಿನ ಅರ್ಧ ಮಾತ್ರ. ಕೆಳಗಿನದು ಆಡುಗಳ ಹೊಟ್ಟೆ ಸೇರಿತ್ತು, ಅಂಚಿನಲ್ಲಿ ಹಲ್ಲಿನ ಗುರುತೂ ಇತ್ತು. ಷಟರಿನ ಮೇಲೆ, ಅಷ್ಟೇ ಎತ್ತರದಲ್ಲಿ, ನಕಲಿ ಆದೇಶ ಒಂದು ಮೂಲೆಯೂ ಮಾಸದೆ ಕೂತಿತ್ತು. ಅಸಲಿಯದನ್ನೇ ಜೆರಾಕ್ಸ್ ಮಾಡಿದ್ದು. ತಾರೀಖಿನ ಮೇಲೆ ಚೀಟಿ ಅಂಟಿಸಿದ್ದರ ಸಣ್ಣ ಗೆರೆ ಹತ್ತಿರದಿಂದ ನೋಡಿದರೆ ಕಾಣುತ್ತಿತ್ತು.

"ಮಲ್ಲೇಶಪ್ಪನವರೇ, ಹಿಂಡು ಈ ದಾರೀಲೇ ಹೋಗೋದಾ?"

"ದಿನಾ ಎರಡು ಸಲ ಸಾರ್."

"ಹಂಗಾದ್ರೆ ಇದನ್ನ ಯಾಕೆ ಬಿಟ್ಟಾವೆ?"

ಗುರುಬಸವರಾಜ್ ಕಾಗದದ ಅಂಚನ್ನು ಉಗುರಿನಿಂದ ಕೆರೆದರು. ಒಣಗಿದ ಗಂಜಿಯಲ್ಲಿ ತಿಳಿಯಾದ ನೀಲಿ ಬಣ್ಣ. ಆ ನೀಲಿ ಅವರಿಗೆ ಚೆನ್ನಾಗಿ ಗೊತ್ತು. ಅವರೂರಿನ ಕಡೆ ಅಡಿಕೆಗೆ ಔಷಧಿ ಹೊಡೆಯುವ ದಿನ ಅಪ್ಪನ ಅಂಗೈ ಸಂಜೆಯವರೆಗೆ ಅದೇ ಬಣ್ಣದಲ್ಲಿರುತ್ತಿತ್ತು.

"ಮೈಲುತುತ್ತ," ಎಂದರು. "ಇಲ್ಲಿ ಅಡಿಕೆ ಇಲ್ಲ. ಇದು ಯಾಕೆ ಬಂತು?"

ಮಲ್ಲೇಶಪ್ಪನವರ ಮುಖ ಅರಳಿತು. "ಟೆಂಟ್ ಸಿನಿಮಾ ಕಾಲದಾಗೆ ಪೋಸ್ಟರ್ ಅಂಟ್ಸೋರು ಜ್ವಾಳದ ಗಂಜಿಗೆ ಇದನ್ನ ಕಲಸ್ತಿದ್ರು ಸಾರ್. ಇಲ್ದಿದ್ರೆ ಬೆಳಿಗ್ಗೆ ಅಂಟ್ಸಿದ ಹೀರೋ ಮಧ್ಯಾಹ್ನಕ್ಕೆ ಆಡಿನ ಹೊಟ್ಟೆಯಾಗೆ. ಈಗ ಯಾರು ಮಾಡ್ತಾರೆ ಈ ಕೆಲ್ಸ?"

ಕಾಗದವನ್ನು ಜಾಗ್ರತೆಯಿಂದ ಬಿಡಿಸಿ ಲಕೋಟೆಗೆ ಹಾಕಿ ಮೊಹರು ಮಾಡಲಾಯಿತು. ಸಂಜೆ 5.15ಕ್ಕೆ ಅಂಗಡಿ ತೆರೆಯಿತು. ಗಣಪತಿಗೆಂದು ತಂದು ಉಳಿದಿದ್ದ ಪಟಾಕಿಯನ್ನು ಯಾರೋ ಪುಣ್ಯಾತ್ಮ ಹಚ್ಚಿಯೂಬಿಟ್ಟ. ರಂಗೋಲಿ ಹತ್ತು ನಿಮಿಷದಲ್ಲಿ ಅಳಿಸಿಹೋಯಿತು.

ಬುಧವಾರ ಬೆಳಿಗ್ಗೆ 10 ಗಂಟೆ. ಊರಿನ ಬಾಯಲ್ಲೆಲ್ಲ ಒಂದೇ ಹೆಸರು: ಅನ್ನಪೂರ್ಣಮ್ಮ. ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ವರ್ಷದ ಕೆಳಗೆ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಬ್ರಾಂದಿ ಅಂಗಡಿ ಎತ್ತಿಸಿ ಎಂದು ಪಂಚಾಯ್ತಿಗೆ ಮುತ್ತಿಗೆ ಹಾಕಿದವರು. ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಅವರು ಉತ್ತರ ಕೊಟ್ಟರು.

"ಆದೇಶ ನೀವು ಅಂಟ್ಸಿದ್ದಾ?"

"ಅಲ್ಲ."

"ಯಾರು ಅಂತ ಗೊತ್ತಾ?"

"ಗೊತ್ತಿಲ್ಲ. ರಂಗೋಲಿ ಹಾಕಿದ್ದು ನಾನೇ, ಅದನ್ನ ಬೇಕಾದ್ರೆ ಬರ್ಕಳ್ರಿ."

"ನಿಮಗೆ ಅನುಕೂಲ ಆಗಿದ್ದು ನಿಜ ತಾನೆ?"

"ನಮ್ಮನೆಯೋರು ಎರಡು ದಿನ ಬಿಸಿ ರೊಟ್ಟಿ ಉಂಡ್ರು ಸಾರ್. ಆದ್ರೆ ನಾವು ಅಂಟ್ಸಿದ್ರೆ ಶುಕ್ರವಾರಕ್ಕೆ ಯಾಕೆ ನಿಲ್ಲಿಸ್ತಿದ್ವಿ? ಶಾಶ್ವತವಾಗಿ ಮುಚ್ಚೈತೆ ಅಂತ ಬರೀತಿದ್ವಿ."

ಮಾತು ಸರಿಯಿತ್ತು. ಗುರುಬಸವರಾಜ್ ನೋಟ್‌ಬುಕ್ಕಿನಲ್ಲಿ 'ಶುಕ್ರವಾರವೇ ಯಾಕೆ?' ಎಂದು ಬರೆದು ಕೆಳಗೆ ಗೆರೆ ಎಳೆದರು. ಆಕೆಯ ಸೆರಗಿನ ತುದಿಯಲ್ಲಿ ಒಂದು ಕೀಲಿಕೈ ಕಟ್ಟಿತ್ತು. ಮಾತಾಡುವಷ್ಟೂ ಹೊತ್ತು ಆಕೆ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಅದನ್ನು ಪಿಎಸ್‌ಐ ಕಂಡರೂ ಮಹತ್ವ ಕೊಡಲಿಲ್ಲ.

ಮಧ್ಯಾಹ್ನ ಪಂಚಾಯ್ತಿ ಕಚೇರಿಯಲ್ಲಿ ಮಲ್ಲೇಶಪ್ಪ ಗಂಜಿಯ ವಿಷಯ ಎತ್ತಿದರು. ಅಲ್ಲಿನ ಗುಮಾಸ್ತ ತಲೆಯೆತ್ತದೆ ಹೇಳಿದ: "ಮೈಲುತುತ್ತ ಹಾಕಿ ಅಂಟ್ಸೋನು ನಮ್ಮ ದುರುಗಣ್ಣ. ಮೊದ್ಲು ಟೆಂಟಿನ ಪೋಸ್ಟರ್, ಆಮೇಲೆ ಇಪ್ಪತ್ತೆರಡು ವರ್ಷ ನಮ್ಮ ನೋಟಿಸು. ಡಂಗುರನೂ ಅವ್ನೇ ಸಾರ್ತಿದ್ದ. ಹೋದ ವರ್ಷ ಕುಡ್ದು ಕಚೇರಿಯಾಗೇ ಬಿದ್ಕಂಡಿದ್ದಕ್ಕೆ ತೆಗೆದ್ರು."

ಅಂಗಡಿಯ ಹಾಲಸ್ವಾಮಿ ಈ ಹೆಸರು ಕೇಳಿ ನಕ್ಕೇಬಿಟ್ಟ. "ದುರುಗಣ್ಣ ಅಂಗಡಿ ಮುಚ್ಚಿಸ್ತಾನಾ ಸಾರ್? ದಿನಾ ನನಗಿಂತ ಮುಂಚೆ ಬಂದು ಬಾಗ್ಲು ಕಸ ಗುಡಿಸೋನು ಅವ್ನು. ಮೊದಲ್ನೇ ಗಿರಾಕಿ." ಆಮೇಲೆ ನಗು ನಿಲ್ಲಿಸಿ ಯೋಚಿಸಿದ. "ನಿನ್ನೆ ತೆಗೆದಾಗ ಮಾತ್ರ ಬರ್ಲಿಲ್ಲ. ಇವತ್ತೂ ಇಲ್ಲ."

ಹೆಸರು ಠಾಣೆಗೂ ಹೊಸದಲ್ಲ. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಬಿದ್ದಿದ್ದಕ್ಕೆ ಎರಡು ಸಲ ಹಿಡಿದು ತಂದಿದ್ದರು. ಸಂಜೆ ಮಲ್ಲೇಶಪ್ಪ ಹಳೆಯ ಕಡತ ಬಿಚ್ಚಿದರು. ಬಂಧನ ಪತ್ರದಲ್ಲಿ 'ವಿಷಯ ಯಾರಿಗೆ ತಿಳಿಸಲಾಯಿತು' ಎಂಬ ಅಂಕಣವಿರುತ್ತದೆ. ಎರಡರಲ್ಲೂ ಒಂದೇ ಉತ್ತರ: 'ಯಾರೂ ಇಲ್ಲ.' ಹೆಂಡತಿ ತೀರಿಹೋಗಿ ಹತ್ತು ವರ್ಷ. 6.30ಕ್ಕೆ ಜಗಳೂರಿನ ಜೆರಾಕ್ಸ್ ಅಂಗಡಿಯವನು ಫೋಟೊ ನೋಡಿ ಗುರುತಿಸಿದ. ಭಾನುವಾರ ಮಧ್ಯಾಹ್ನ ಬಂದಿದ್ದ, ಕೈ ಬಹಳ ನಡುಗುತ್ತಿತ್ತು, ಚೀಟಿ ಸರಿದುಹೋಗಿ ಎರಡು ಪ್ರತಿ ಹಾಳಾದವು ಎಂದ.

ಗುರುವಾರ, ಬೆಳಿಗ್ಗೆ 10.20. ಊರಾಚೆಯ ಆಶ್ರಯ ಮನೆಗಳ ಸಾಲಿನಲ್ಲಿ ಕೊನೆಯದು ದುರುಗಣ್ಣನದು. ಬಾಗಿಲಿಗೆ ಹೊರಗಿನಿಂದ ದಪ್ಪ ಬೀಗ ಬಿದ್ದಿತ್ತು.

"ಪರಾರಿ," ಎಂದು ನಿಟ್ಟುಸಿರು ಬಿಟ್ಟರು ಮಲ್ಲೇಶಪ್ಪ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದರು.

"ಯಾರದು ಒಳಗೆ?"

"ನಾನೇ ಸಾ. ದುರುಗಣ್ಣ. ಓಡಿಹೋಗಿಲ್ಲ, ಬೀಗ ನಾನೇ ಹಾಕಿಸ್ಕಂಡೀನಿ."

"ಕೀಲಿ ಯಾರ ಹತ್ರ ಐತೆ?"

ಉತ್ತರಕ್ಕೆ ಕಾಯಬೇಕಾಗಲಿಲ್ಲ. ಜೀಪು ಕಂಡು ಅನ್ನಪೂರ್ಣಮ್ಮ ಗಿರಣಿಯಿಂದ ಓಡಿಬಂದಿದ್ದರು. ಸೆರಗಿನ ಗಂಟು ಇನ್ನೂ ಮುಷ್ಟಿಯಲ್ಲೇ ಇತ್ತು.

"ಬೀಗ ತೆಗೀರಿ," ಎಂದರು ಗುರುಬಸವರಾಜ್.

"ಹನ್ನೊಂದೂಕಾಲರ ಬಸ್ ಬರೋತಂಕ ತೆಗಿಯಾಕಿಲ್ಲ ಸಾರ್."

"ತನಿಖೆಗೆ ಅಡ್ಡಿ ಮಾಡಿದ್ರೆ ಏನಾಗುತ್ತೆ ಗೊತ್ತಾ?"

"ಏನಾದ್ರೂ ಆಗ್ಲಿ. ಮಂಗಳವಾರ ಸಂಜೆ ಆ ಪಟಾಕಿ ಸದ್ದು ಕೇಳಿ ಬಂದು ಕಾಲಿಗೆ ಬಿದ್ದ. ನನ್ನ ಕೂಡಿ ಹಾಕವ್ವ, ನಾನೇ ಬೇಡ್ಕಂಡ್ರೂ ತೆಗೀಬ್ಯಾಡ ಅಂದ. ಕಾಗದ ಅಂಟ್ಸಿದ್ದು ಇವ್ನೇ ಅಂತ ಆವಾಗ್ಲೇ ಗೊತ್ತಾಗಿದ್ದು. ನಿನ್ನೆ ಹೊತ್ತು ಮುಳುಗೋತಂಕ ಬಾಗ್ಲು ಬಡ್ದ. ಹೆಂಡ್ತಿ ಆಣೆ, ದೇವರಾಣೆ ಎಲ್ಲಾ ಹಾಕ್ದ. ಕಿಟಕಿಯಾಗೆ ಗಂಜಿ ಇಟ್ಟು ನಾನು ಕಿವಿ ಮುಚ್ಕಂಡು ಕೂತಿದ್ದೆ." ಆಕೆ ಜೀಪಿನ ಕಡೆ ನೋಡಿದರು. ಬಳಿಕ ತಾನಾಗಿಯೇ ಗಂಟು ಬಿಚ್ಚಿ ಕೀಲಿ ಕೊಟ್ಟರು. "ನೀವಿದ್ರೆ ಅವ್ನು ಅಂಗಡಿ ಕಡೆ ಹೋಗಲ್ಲ. ತಗಳ್ರಿ."

ಒಂದೇ ಕೋಣೆ. ಕಸ ಗುಡಿಸಿ ಒರೆಸಿದ್ದ. ಗೋಡೆಗೆ ಆನಿಕೊಂಡು ಕೂತಿದ್ದ ಮನುಷ್ಯ ಬೆವರಿನಲ್ಲಿ ತೊಯ್ದಿದ್ದ. ಕೈ ನಡುಗದಿರಲೆಂದು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ. ಚಾಪೆಯ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲೇ ಇದ್ದ ಪುಟ್ಟ ಹಳದಿ ಫ್ರಾಕು.

"ಆದೇಶ ಅಂಟ್ಸಿದ್ದು ನೀನಾ?"

"ಹೂಂ ಸಾ."

"ಯಾಕೆ?"

"ನನ್ ಮಗಳು ಸುಚಿತ್ರಾನ್ನ ನ್ಯಾಮತಿಗೆ ಕೊಟ್ಟೈತೆ. ಮದುವೆ ದಿನ ಕುಡ್ದು ಚಪ್ಪರದಾಗೆ ಬಿದ್ದೆ. ಐದು ವರ್ಷ ಆತು, ಮುಖ ತೋರ್ಸಿಲ್ಲ. ಮೊಮ್ಮಗಳು ಹುಟ್ಟಿದ್ದು ಯಾರ ಬಾಯಾಗೋ ಕೇಳ್ದೆ." ಅವನು ಫ್ರಾಕಿನ ಕಡೆ ನೋಡಿದ. "ಹೋದ ವಾರ ಫೋನ್ ಮಾಡಿದ್ಲು. ಗುರುವಾರ ಕೂಸಿನ ಕರ್ಕಂಡು ಬರ್ತೀನಿ, ನೀನು ಕುಡ್ದಿದ್ರೆ ಅದೇ ಬಸ್ಸಿಗೆ ವಾಪಸ್ ಹತ್ತತೀನಿ ಅಂದ್ಲು. ಸರ್ಕಾರದೋರು ಎರಡು ದಿನ ಮುಚ್ಚಿದ್ರು, ನಾನೂ ಎರಡು ದಿನ ತಡಕಂಡೆ. ಸೋಮವಾರ ಬಾಗ್ಲು ತೆಗೆದ್ರೆ ನಾನು ನಿಲ್ಲೋ ಮನುಷ್ಯ ಅಲ್ಲ ಸಾ. ನನ್ನ ನನಗೆ ಗೊತ್ತಿಲ್ವಾ?"

'ಶುಕ್ರವಾರವೇ ಯಾಕೆ' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಗುರುಬಸವರಾಜ್ ಗಡಿಯಾರ ನೋಡಿದರು, 10.35. ಬಂಧಿಸಿ ಜೀಪಿಗೆ ಹತ್ತಿಸಲು ಐದು ನಿಮಿಷ ಸಾಕು.

"ಮಲ್ಲೇಶಪ್ಪನವರೇ, ಮನೆ ಪಂಚನಾಮೆ ಮಾಡೋಣ. ಒಂದೂ ಬಿಡದಂಗೆ ಬರೀರಿ."

ಮಲ್ಲೇಶಪ್ಪ ಸಾಹೇಬರ ಮುಖ ನೋಡಿದರು, ಅರ್ಥವಾಯಿತು. ಪಂಚರನ್ನು ಕರೆಸಿ, ಮದುವೆ ಪತ್ರಿಕೆ ಬರೆಯುವವರ ಹಾಗೆ ದುಂಡು ಅಕ್ಷರದಲ್ಲಿ ಬರೆಯತೊಡಗಿದರು. ಗಂಜಿ ಮೆತ್ತಿದ ಕುಂಚ ಒಂದು. ಮೈಲುತುತ್ತದ ಪೊಟ್ಟಣ ಒಂದು. ಪಂಚಾಯ್ತಿ ಬೋರ್ಡಿನಿಂದ ಬಿಡಿಸಿಕೊಂಡ ಅಸಲಿ ಆದೇಶದ ಪ್ರತಿ ಒಂದು. ಹಾಳಾದ ಜೆರಾಕ್ಸ್ ಪ್ರತಿ ಎರಡು. ಅಲ್ಲಿಗೆ ಮುಗಿಯಬೇಕಿತ್ತು. ಅವರು ಹರಿದ ಡಂಗುರದ ತಮಟೆಯನ್ನೂ, ಸೀಮೆಎಣ್ಣೆ ಸ್ಟವ್ವನ್ನೂ, ಲೋಟಗಳನ್ನೂ ಬರೆದರು. ಲೋಟಗಳನ್ನು ಎರಡು ಸಲ ಎಣಿಸಿದರು.

11.20ಕ್ಕೆ ಬಸ್ಸು ಬಂತು. ಇಳಿದ ಹೆಂಗಸಿನ ಕಂಕುಳಲ್ಲಿ ಮಗು ನಿದ್ದೆ ಮಾಡುತ್ತಿತ್ತು. ದೂರದಲ್ಲಿ ಅಪ್ಪನ ಮನೆಯ ಮುಂದೆ ಪೊಲೀಸ್ ಜೀಪು ಕಂಡದ್ದೇ ಅವಳು ತಿರುಗಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಗುರುಬಸವರಾಜ್ ಟೋಪಿಯನ್ನೂ ಹಾಕಿಕೊಳ್ಳದೆ ಓಡಿದರು.

"ನಿಲ್ಲಮ್ಮ. ಅವರು ಕುಡಿದಿಲ್ಲ. ಶನಿವಾರದಿಂದ ಒಂದು ತೊಟ್ಟೂ ಇಲ್ಲ."

"ಮತ್ತೆ ಪೊಲೀಸ್ರು ಯಾಕೆ ಬಂದೀರಿ?"

"ಅದಕ್ಕೇ ಬಂದೀವಿ," ಎಂದರು. ಬೇರೆ ಹೇಗೆ ಹೇಳಬೇಕೆಂದು ಅವರಿಗೆ ತೋಚಲಿಲ್ಲ.

ಸುಚಿತ್ರಾ ನಂಬಲಿಲ್ಲ. ನಂಬದಿದ್ದರೂ ನಡೆದು ಬಂದಳು. ಬಾಗಿಲಲ್ಲಿ ನಿಂತ ಅಪ್ಪ ಬಾಗಿ, ಬಾಯಿ ತೆರೆದು ಮಗಳ ಮುಖದ ಮುಂದೆ ಉಸಿರು ಬಿಟ್ಟ. ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ ಹೊಸ್ತಿಲಲ್ಲಿ ಹೀಗೇ ಪರೀಕ್ಷೆ ಮಾಡುತ್ತಿದ್ದಳಂತೆ. ಆಗೆಲ್ಲ ಅವನು ಏಲಕ್ಕಿ ಅಗಿದು ಬರುತ್ತಿದ್ದ. ಇವತ್ತು ಏಲಕ್ಕಿಯ ವಾಸನೆಯೂ ಇರಲಿಲ್ಲ. ಹಸಿದ ಹೊಟ್ಟೆಯ ಉಸಿರಷ್ಟೇ ಇತ್ತು.

ಅತ್ತ ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರ್ ಕಾದ, ಆಮೇಲೆ ಹೊರಟುಹೋಯಿತು. ಸುಚಿತ್ರಾ ಮಗುವನ್ನು ಅಪ್ಪನ ನಡುಗುವ ಕೈಗೆ ಕೊಟ್ಟು, ಕೆಳಗಿನಿಂದ ತನ್ನ ಕೈಯನ್ನೂ ಆಸರೆ ಹಿಡಿದಳು. ಅನ್ನಪೂರ್ಣಮ್ಮ ಗೋಡೆ ಕಡೆ ತಿರುಗಿ ಅತ್ತರು.

12.05ಕ್ಕೆ ದುರುಗಣ್ಣನನ್ನು ಬಂಧಿಸಲಾಯಿತು. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಠಾಣೆ, ಸಂಜೆಗೆ ನ್ಯಾಯಾಧೀಶರ ಮುಂದೆ. ಕಾನೂನು ಕಾನೂನೇ, ಅದನ್ನು ಗುರುಬಸವರಾಜ್ ಬಿಡಲಿಲ್ಲ. ದಾರಿಯುದ್ದಕ್ಕೂ ದುರುಗಣ್ಣ ಅವರನ್ನು ಕೇಳಿದ್ದು ಒಂದೇ: "ಜೈಲಾಗೆ ಕುಡಿಯಾಕೆ ಸಿಗಲ್ಲ ಅಲ್ವಾ ಸಾ?"

ಮಧ್ಯಾಹ್ನ ಠಾಣೆಯಲ್ಲಿ ಬಂಧನ ಪತ್ರ ತುಂಬಲು ಕೂತಾಗ 'ವಿಷಯ ಯಾರಿಗೆ ತಿಳಿಸಲಾಯಿತು' ಎಂಬ ಆ ಅಂಕಣ ಬಂತು. ಗುರುಬಸವರಾಜ್ ಸ್ವಂತ ಕೈಯಲ್ಲಿ ಬರೆದರು: 'ಮಗಳು ಸುಚಿತ್ರಾ. ಖುದ್ದು ಹಾಜರು.' ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ತೊಡೆಯ ಮೇಲಿದ್ದ ಮಗುವಿಗೆ ಹಳದಿ ಫ್ರಾಕು ಸ್ವಲ್ಪ ದೊಡ್ಡದಾಗಿತ್ತು.

ಗುರುಬಸವರಾಜ್ ಫೋನ್ ತೆಗೆದು ಚನ್ನಗಿರಿಯ ತಮ್ಮ ಮನೆಗೆ ಹಚ್ಚಿದರು. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ರಜೆ ಚೀಟಿಯ ಒಂದು ಹಾಳೆ ಎಳೆದುಕೊಂಡು, ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದರು. ಕೊನೆಗೆ 'ಮಗಳನ್ನು ನೋಡಲು' ಎಂದು ಬರೆದು ಸಹಿ ಹಾಕಿದರು.